ಎರಡನೇ ಆತ್ಮಕಥೆ: ಆ ವರ್ಷಗಳು ಯಾರವು?

ನನ್ನ ಅಕ್ಕನಿಗೆ ಪುಸ್ತಕ ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲೇಬೇಕು. ಹಿಡಿಸಿದ ಕಡೆ ಅಂಚಿನಲ್ಲಿ ಒಂದು ಸಣ್ಣ ಗೆರೆ. ತುಂಬಾ ಹಿಡಿಸಿದರೆ ಎರಡು. ಹಾಲಿವುಡ್ಡಿನ ನಟಿ, ಗಾಯಕಿ ಜೂಲಿ ಆಂಡ್ರ್ಯೂಸ್ ಅವರ ಮೊದಲ ಆತ್ಮಕಥೆ ಬಂದಾಗ ಅವಳು ಓದಿ ಮುಗಿಸಿ ನನಗೆ ಕೊಟ್ಟಿದ್ದಳು. ಪುಟ ತಿರುಗಿಸಿದಲ್ಲೆಲ್ಲ ಜೋಡಿ ಗೆರೆ. 11 ವರ್ಷದ ಮೇಲೆ ಎರಡನೆಯದು ಬಂತು. ಇಷ್ಟು ಕಾದ ಮೇಲೆ ಒಬ್ಬರ ಓದು ಮುಗಿಯುವ ತನಕ ಇನ್ನೊಬ್ಬರು ಕಾಯುವುದು ಸಾಧ್ಯವಿರಲಿಲ್ಲ, ಒಂದೊಂದು ಪ್ರತಿ ತರಿಸಿಕೊಂಡೆವು. ವಾರ ಕಳೆದು ಅಕ್ಕ ಫೋನ್ ಮಾಡಿದಳು. "ಓದಿದೆಯಾ?" ಅಂದಳು. "ಅರ್ಧ ಆಗಿದೆ ಅಕ್ಕ, ಚೆನ್ನಾಗಿದೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಂದೇ ಮಾತು: "ಸೌಂಡ್ ಆಫ್ ಮ್ಯೂಸಿಕ್ ಬಗ್ಗೆ ಇಷ್ಟೇನಾ?"

ಅವತ್ತು ಶುರುವಾದ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಇವತ್ತಿನ ಮಾತಿಗೆ ಈ ವಿಷಯ ಆರಿಸಿಕೊಂಡದ್ದೂ ಅದಕ್ಕೇ. ಒಬ್ಬ ಕಲಾವಿದೆಯನ್ನು ಒಂದೇ ಸಮ ಇಷ್ಟಪಡುವ ಇಬ್ಬರು, ಆಕೆಯ ಮೊದಲ ಪುಸ್ತಕವನ್ನು ಒಟ್ಟಿಗೆ ಮೆಚ್ಚಿದವರು, ಎರಡನೆಯದರ ಹೊತ್ತಿಗೆ ಯಾಕೆ ಮುಖ ತಿರುಗಿಸಿ ಕೂರುತ್ತಾರೆ? ಇದು ನಮ್ಮ ಮನೆಯ ಕತೆ ಮಾತ್ರ ಆಗಿದ್ದರೆ ನಿಮ್ಮ ಮುಂದೆ ತರುತ್ತಿರಲಿಲ್ಲ. ನಾನು ಕಂಡ ಮಟ್ಟಿಗೆ, ನಟ ನಟಿಯರ, ಗಾಯಕರ ಮೊದಲ ಆತ್ಮಕಥೆ ಬಂದಾಗ ಅಭಿಮಾನಿಗಳು ಹೆಚ್ಚು ಕಡಿಮೆ ಒಂದೇ ಮಾತಾಡುತ್ತಾರೆ. ಎರಡನೆಯದು ಬಂದ ಕೂಡಲೇ ಬಣಗಳಾಗುತ್ತವೆ.

ಜೂಲಿ ಅವರ ಮೊದಲ ಪುಸ್ತಕ 'ಹೋಮ್' 2008ರಲ್ಲಿ ಬಂತು. ಇಂಗ್ಲೆಂಡಿನಲ್ಲಿ ಕಳೆದ ಬಾಲ್ಯ, ಪಿಯಾನೊ ನುಡಿಸುವ ತಾಯಿ, ಕುಡಿತಕ್ಕೆ ಬಿದ್ದ ಮಲತಂದೆ. ಇದರ ನಡುವೆ ಎಳೆಯ ಹುಡುಗಿಯೊಬ್ಬಳ ಗಂಟಲಲ್ಲಿ ದೊಡ್ಡವರನ್ನು ಬೆರಗಾಗಿಸುವ ದನಿ. 1948ರಲ್ಲಿ, 13ನೇ ವಯಸ್ಸಿಗೆ, ಲಂಡನ್ನಿನಲ್ಲಿ ರಾಜಮನೆತನದವರ ಮುಂದೆ ಒಬ್ಬಳೇ ನಿಂತು ಹಾಡಿದಳು. 14ರಲ್ಲಿ ತಾಯಿಯ ಜೊತೆ ಒಂದು ಪಾರ್ಟಿಗೆ ಹೋಗುತ್ತಾಳೆ. ಅಲ್ಲೊಬ್ಬ ಮನುಷ್ಯ ಅವಳೊಡನೆ ಮಾತಾಡುತ್ತಾನೆ. ಮನೆಗೆ ಮರಳುವ ದಾರಿಯಲ್ಲಿ ತಾಯಿ ಹೇಳುತ್ತಾಳೆ, ನಿನ್ನನ್ನು ಹುಟ್ಟಿಸಿದ ತಂದೆ ಅವನೇ ಅಂತ. ಅಷ್ಟು ವರ್ಷ ಅಪ್ಪ ಅಂತ ಪ್ರಾಣ ಬಿಡುತ್ತಿದ್ದವರು ಬೇರೆ ಯಾರೋ! ಅಕ್ಕನ ಪ್ರತಿಯಲ್ಲಿ ಆ ಪುಟಕ್ಕೆ ಮೂರು ಗೆರೆ ಬಿದ್ದಿದೆ.

ಆ ಪುಸ್ತಕ ನಿಲ್ಲುವ ಜಾಗ ಗಮನಿಸಿ. ಜೂಲಿ ಅವರ ನಾಟಕ ನೋಡಿ ಬಂದ ವಾಲ್ಟ್ ಡಿಸ್ನಿ ತಮ್ಮ ಸಿನಿಮಾದಲ್ಲಿ ಮೇರಿ ಪಾಪಿನ್ಸ್ ಪಾತ್ರ ಮಾಡುತ್ತೀರಾ ಅಂತ ಕೇಳುತ್ತಾರೆ. ಜೂಲಿ ತಾನು ಬಸುರಿ ಅನ್ನುತ್ತಾರೆ. ಡಿಸ್ನಿ ಕಾಯುತ್ತೇವೆ ಅನ್ನುತ್ತಾರೆ. 1962ರ ಕೊನೆಗೆ ಮಗಳು ಎಮ್ಮಾ ಹುಟ್ಟುತ್ತಾಳೆ. ಗಂಡ, ಹೆಂಡತಿ, ಕೂಸು ಹಾಲಿವುಡ್‌ಗೆ ಹೊರಡುತ್ತಾರೆ. ಅಲ್ಲಿಗೆ ಪುಸ್ತಕ ಮುಗಿಯಿತು. ಜಗತ್ತಿಗೆ ಗೊತ್ತಿರುವ ಜೂಲಿ ಆಂಡ್ರ್ಯೂಸ್ ಇನ್ನೂ ಬಂದೇ ಇಲ್ಲ, ಅಷ್ಟರಲ್ಲಿ ಪರದೆ ಬಿತ್ತು.

ಈಗ ಯೋಚಿಸಿ. ಆ ಮೊದಲ ಪುಸ್ತಕದ ಬಗ್ಗೆ ನಾವು ಏನಂತ ತಕರಾರು ಎತ್ತೋಣ? ಆ ಬಾಲ್ಯವನ್ನು ನಾವ್ಯಾರೂ ನೋಡಿಲ್ಲ. ಆ ಪಾರ್ಟಿಯಲ್ಲಿ ನಾವಿರಲಿಲ್ಲ. ಅವರು ಹೇಳಿದ್ದೇ ಕತೆ, ಅವರೊಬ್ಬರೇ ಸಾಕ್ಷಿ. ಹಾಗಾಗಿ ಸುಮ್ನೆ ಕೂತು ಕೇಳುತ್ತೇವೆ. ಜೊತೆಗೆ ಇನ್ನೊಂದಿದೆ. ಹೆಸರಾಗುವ ಮೊದಲಿನ ಮನುಷ್ಯ ನಮ್ಮ ಹಾಗೇ ಇರುತ್ತಾನೆ. ಬಡತನ, ಭಯ, ಮನೆಯ ಜಗಳ, ಯಾರಾದರೂ ನನ್ನನ್ನು ಗುರುತಿಸುತ್ತಾರಾ ಅನ್ನುವ ಆಸೆ. ಇದೆಲ್ಲ ನಮಗೂ ಗೊತ್ತು.

ಎರಡನೇ ಪುಸ್ತಕ ಶುರುವಾಗುವುದೇ ನಾವು ಬಂದು ಸೇರಿಕೊಂಡ ವರ್ಷಗಳಿಂದ. ಆ ಸಿನಿಮಾ ನಾವೂ ನೋಡಿದ್ದೇವೆ. ಆ ಹಾಡು ನಮ್ಮ ಬಾಯಲ್ಲೂ ಇತ್ತು. ಆ ಕಾಲದ ಬಗ್ಗೆ ನಮ್ಮ ತಲೆಯಲ್ಲಿ ಆಗಲೇ ಒಂದು ಪುಸ್ತಕ ಬರೆದಿಟ್ಟುಕೊಂಡಿರುತ್ತೇವೆ. ಅವರದು ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತೇವೆ. ತಾಳೆ ಆಗದಿದ್ದರೆ ತಪ್ಪು ಯಾರದ್ದು? ಅವರದ್ದೇ ಅಲ್ವಾ!

'ಹೋಮ್ ವರ್ಕ್' 2019ರಲ್ಲಿ ಬಂದಾಗ ಎಲ್ಲರೂ ಮೊದಲು ತಿರುಗಿಸಿದ ಪುಟ ಯಾವುದು ಅಂತ ಹೇಳಬೇಕಾಗಿಲ್ಲ. 'ಸೌಂಡ್ ಆಫ್ ಮ್ಯೂಸಿಕ್' ಸಿನಿಮಾದ ಆ ಬೆಟ್ಟ. ಕೈ ಚಾಚಿಕೊಂಡು ತಿರುಗುವ ಆ ಮೊದಲ ದೃಶ್ಯ. ಅದನ್ನು ಚಿತ್ರಿಸಿದ್ದು ಹೆಲಿಕಾಪ್ಟರಿನಿಂದ. ಕ್ಯಾಮೆರಾ ಹಿಡಿದವರು ಅದರ ಪಕ್ಕದಲ್ಲಿ ಬೆಲ್ಟ್ ಕಟ್ಟಿಕೊಂಡು ನೇತಾಡುತ್ತಿದ್ದರು. ಜೂಲಿ ಹುಲ್ಲುಗಾವಲಿನ ಒಂದು ತುದಿಯಿಂದ ನಡೆದು ಬರಬೇಕು, ಹೆಲಿಕಾಪ್ಟರ್ ಎದುರಿಂದ ಏಡಿಯ ಹಾಗೆ ಅಡ್ಡಡ್ಡ ಬರಬೇಕು, ಅವರು ಗಿರಕಿ ಹೊಡೆಯಬೇಕು. ಅಷ್ಟಾದ ಮೇಲೆ ಹೆಲಿಕಾಪ್ಟರ್ ಅವರನ್ನು ಸುತ್ತು ಹಾಕಿ ವಾಪಸ್ ಹೋಗುತ್ತದೆ. ಹೋಗುವಾಗ ಅದರ ಗಾಳಿ ಎಷ್ಟು ಜೋರು ಅಂದರೆ ಜೂಲಿ ಪ್ರತಿ ಸಲವೂ ಹುಲ್ಲಿನ ಮೇಲೆ ದಬಕ್ಕಂತ ಬೀಳುತ್ತಿದ್ದರು. ಎದ್ದು, ಬಟ್ಟೆ ಕೊಡವಿಕೊಂಡು, ಸ್ವಲ್ಪ ದೂರದಿಂದ ಸುತ್ತು ಹಾಕಿ ಅಂತ ಪೈಲಟ್‌ಗೆ ಕೈಸನ್ನೆ ಮಾಡಿದರು. ಪೈಲಟ್ ಹೆಬ್ಬೆಟ್ಟು ಎತ್ತಿ ತೋರಿಸಿದ. ಭೇಷ್, ಇನ್ನೊಂದು ಸಲ ಮಾಡೋಣ ಅಂತ!

ಈ ಕತೆ ಕೇಳಿ ನೀವು ನಕ್ಕಿರಿ. ಆದರೆ ಇಲ್ಲಿ ಕೂತವರಲ್ಲಿ ಒಂದಿಬ್ಬರು ನಗಲಿಲ್ಲ, ನೋಡಿದೆ. ಅವರಿಗೆ ಇದು ಮೊದಲೇ ಗೊತ್ತು. ಜೂಲಿ ಸಂದರ್ಶನಗಳಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದಾರೆ. ಮೊದಲ ಒಡಕು ಇಲ್ಲೇ. ಒಂದು ಬಣ ಹೇಳುತ್ತದೆ, ಎಲ್ಲ ಕಡೆ ಹೇಳಿದ್ದನ್ನೇ ಪುಸ್ತಕದಲ್ಲೂ ಹೇಳಿದರೆ ದುಡ್ಡು ಕೊಟ್ಟು ಯಾಕೆ ತೆಗೆದುಕೊಳ್ಳಬೇಕು? ಇನ್ನೊಂದು ಬಣಕ್ಕೆ ಆ ಕತೆ ಪುಸ್ತಕದಲ್ಲಿ ಇರಲೇಬೇಕು, ಇಲ್ಲದಿದ್ದರೆ ಊಟದಲ್ಲಿ ಉಪ್ಪೇ ಇಲ್ಲ. ತಮಾಷೆ ಏನು ಗೊತ್ತಾ? ಇಬ್ಬರಿಗೂ ಆ ಕತೆ ಬಾಯಿಪಾಠ. ಒಬ್ಬರಿಗೆ ಅದು ಹಳಸಲು, ಇನ್ನೊಬ್ಬರಿಗೆ ಮಂತ್ರ. ಹೆಸರಾಂತ ಕತೆಗಳದ್ದು ಇದೇ ಪಾಡು. ಹೇಳಿದರೂ ಕಷ್ಟ, ಬಿಟ್ಟರೂ ಕಷ್ಟ.

ನನ್ನ ಅಕ್ಕನ ದೂರು ಬೇರೆ. ಹೆಲಿಕಾಪ್ಟರ್ ಬಂತು ಸರಿ, ಅದರ ಜೊತೆ ಬರಬೇಕಾದ ರೋಮಾಂಚನ ಎಲ್ಲಿ ಅಂತ. ಅಲ್ಲಿ ಸಿಗುವುದು ಶೂಟಿಂಗ್ ನಡೆದ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನ ಮಳೆ, ಕಾಯುವುದು, ಚಳಿ, ಕೆಸರು. ಇಲ್ಲಿ ನಾನು ಅಕ್ಕನ ಜೊತೆ ವಾದಕ್ಕೆ ನಿಂತೆ. ತಾರೀಖು ನೋಡು ಅಂದೆ. ಆ ಸಿನಿಮಾಕ್ಕೆ ಅವರು ಸಾಲ್ಸ್‌ಬರ್ಗ್‌ಗೆ ಹೋದದ್ದು 1964ರ ವಸಂತದಲ್ಲಿ. ಮೇರಿ ಪಾಪಿನ್ಸ್ ತೆರೆಗೆ ಬಂದದ್ದು ಅದೇ ವರ್ಷ ಆಗಸ್ಟ್ ಕೊನೆಗೆ. ಅಂದರೆ ಆ ಬೆಟ್ಟದ ಮೇಲೆ ಗಿರಕಿ ಹೊಡೆಯುತ್ತಿದ್ದ ಹೆಂಗಸಿನ ಒಂದು ಸಿನಿಮಾವನ್ನೂ ಜನ ಇನ್ನೂ ನೋಡಿರಲಿಲ್ಲ. ತಾನು ಸಿನಿಮಾದಲ್ಲಿ ಗೆಲ್ಲುತ್ತೇನೋ ಇಲ್ಲವೋ ಆಕೆಗೇ ಗೊತ್ತಿಲ್ಲ. ಜೊತೆಯಲ್ಲಿ ಒಂದೂವರೆ ವರ್ಷದ ಮಗು. ನಮಗೆ ಅದು ಅಜರಾಮರ ದೃಶ್ಯ. ಅವರಿಗೆ ಅದು ಮಳೆ ನಿಂತರೆ ಮುಗಿಸಬೇಕಾದ ಒಂದು ಶಾಟ್. ರೋಮಾಂಚನ ಆಮೇಲೆ ನಾವು ತಂದು ಸೇರಿಸಿದ್ದು. ಅದನ್ನು ಅವರ ನೆನಪಿನಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ?

ಅಕ್ಕ ಒಪ್ಪಲಿಲ್ಲ. "ಐವತ್ತು ವರ್ಷ ಆದಮೇಲೆ ಬರೀತಿದಾರಲ್ವಾ, ಅಷ್ಟೂ ಗೊತ್ತಾಗಲ್ವಾ?" ಅಂದಳು. ಆ ಮಾತನ್ನು ತಳ್ಳಿಹಾಕಲಿಕ್ಕೂ ಬರುವುದಿಲ್ಲ.

ಎರಡನೇ ಒಡಕು ಡೈರಿಯದ್ದು. ಈ ಪುಸ್ತಕದಲ್ಲಿ ಜೂಲಿ ತಮ್ಮ ಹಳೆಯ ಡೈರಿಗಳಿಂದ ಭಾಗಗಳನ್ನು ಹಾಗ್ಹಾಗೇ ಎತ್ತಿ ಹಾಕಿದ್ದಾರೆ. ಕೆಲವರಿಗೆ ಇದೇ ಪುಸ್ತಕದ ಜೀವ. ಅವತ್ತು ರಾತ್ರಿ ಬರೆದದ್ದು, ಪಾಲಿಶ್ ಇಲ್ಲ, ಯಾರನ್ನೂ ಮೆಚ್ಚಿಸಲು ಬರೆದದ್ದಲ್ಲ. ಇನ್ನು ಕೆಲವರಿಗೆ ಇದು ಕೈಗೆ ಸಿಕ್ಕಿದ್ದನ್ನು ತುಂಬಿದ ಹಾಗೆ. ನಾನು ಎರಡನೆಯವರ ಕಡೆ, ಪೂರ್ತಿ ಅಲ್ಲದಿದ್ದರೂ. ಡೈರಿ ಸುಳ್ಳು ಹೇಳುವುದಿಲ್ಲ, ಸರಿ. ಆದರೆ ಅದಕ್ಕೆ ಯಾವುದು ದೊಡ್ಡದು, ಯಾವುದು ಚಿಕ್ಕದು ಗೊತ್ತಿರುವುದಿಲ್ಲ. ಮಗುವಿಗೆ ನೆಗಡಿ ಆದದ್ದಕ್ಕೂ ಮದುವೆ ಅಲ್ಲಾಡಿದ್ದಕ್ಕೂ ಅದರಲ್ಲಿ ಒಂದೊಂದೇ ಸಾಲು. ಮೊದಲ ಪುಸ್ತಕಕ್ಕೆ ಬಾಲ್ಯದ ಡೈರಿ ಇಷ್ಟು ಆಧಾರವಾಗಿರಲಿಲ್ಲ, ನೆನಪೇ ಅಗೆದು ತರಬೇಕಿತ್ತು. ಅಗೆಯುವಾಗ ನೆನಪು ಮುಖ್ಯವಾದದ್ದನ್ನಷ್ಟೇ ಮೇಲೆ ತರುತ್ತದೆ. 'ಹೋಮ್' ಕತೆಯ ಹಾಗೆ ಓದಿಸಿಕೊಳ್ಳುವುದಕ್ಕೂ 'ಹೋಮ್ ವರ್ಕ್' ಕೆಲವು ಕಡೆ ಪ್ರಯಾಣದ ಪಟ್ಟಿಯ ಹಾಗೆ ಕಾಣುವುದಕ್ಕೂ ನನಗೆ ತೋರಿದ ಕಾರಣ ಇದು.

ಈಗ ದೊಡ್ಡ ಒಡಕಿಗೆ ಬರೋಣ. ಗಂಡ. ಜೂಲಿ ಅವರ ಎರಡನೇ ಗಂಡ ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್. ಅವರ ಮೊದಲ ಪರಿಚಯದ ಪ್ರಸಂಗ ನನಗೆ ಬಲು ಇಷ್ಟ. ಲಾಸ್ ಏಂಜಲೀಸಿನಲ್ಲಿ ರಸ್ತೆ ದಾಟಲು ಎರಡು ಕಾರು ಎದುರುಬದುರು ನಿಂತಿವೆ. ಒಂದರಲ್ಲಿ ಇವರು, ಇನ್ನೊಂದರಲ್ಲಿ ಅವರು. ಹೀಗೆ ಒಂದೆರಡು ಸಲ ಆದಮೇಲೆ ಅವರು ಗಾಜು ಇಳಿಸಿ ಕೇಳುತ್ತಾರೆ, ನಾನು ಎಲ್ಲಿಂದ ಬರುತ್ತಿದ್ದೇನೋ ನೀವು ಅಲ್ಲಿಗೇ ಹೊರಟಿದ್ದೀರಾ? ಇಬ್ಬರೂ ಹೋಗುತ್ತಿದ್ದದ್ದು ಮನೋವೈದ್ಯರ ಹತ್ತಿರ! ಇದಕ್ಕಿಂತ ಹಾಲಿವುಡ್ ಆದ ಪ್ರೇಮಕತೆ ಇನ್ನೆಲ್ಲಿ ಸಿಕ್ಕೀತು?

1969ರಲ್ಲಿ ಮದುವೆ. ಅಲ್ಲಿಂದ ಮುಂದೆ ಪುಸ್ತಕದ ತುಂಬ ಬ್ಲೇಕ್. ಅವರ ಜಾಣತನ, ಅವರ ಖಿನ್ನತೆ, ನೋವಿನ ಮಾತ್ರೆಗಳ ಚಟ, 1970ರ 'ಡಾರ್ಲಿಂಗ್ ಲಿಲಿ' ಸಿನಿಮಾ ನೆಲಕಚ್ಚಿದ್ದು, ವಿಯೆಟ್ನಾಮಿನಿಂದ ಇಬ್ಬರು ಹೆಣ್ಣುಮಕ್ಕಳನ್ನು ದತ್ತು ತೆಗೆದುಕೊಂಡದ್ದು, ಸ್ವಿಟ್ಜರ್ಲ್ಯಾಂಡಿನ ಮನೆ. ಅಭಿಮಾನಿಗಳಲ್ಲಿ ಜಾಸ್ತಿ ಗೊಣಗಾಟ ಕೇಳುವುದು ಈ ಭಾಗಕ್ಕೇ. ನಾವು ಜೂಲಿ ಪುಸ್ತಕ ತೆಗೆದುಕೊಂಡರೆ ಬ್ಲೇಕ್ ಪುಸ್ತಕ ಸಿಕ್ಕಿತು ಅನ್ನುತ್ತಾರೆ. ಇದಕ್ಕೆ ನನ್ನ ಉತ್ತರ ಒಂದು ತಾರೀಖು. ಬ್ಲೇಕ್ ತೀರಿಕೊಂಡದ್ದು 2010ರ ಡಿಸೆಂಬರಿನಲ್ಲಿ. ಮೊದಲ ಪುಸ್ತಕ ಬರುವಾಗ ಅವರಿದ್ದರು. ಎರಡನೆಯದು ಬರುವಾಗ ಇರಲಿಲ್ಲ. 41 ವರ್ಷ ಜೊತೆಗಿದ್ದವರು ಹೋದಮೇಲೆ ಹೆಂಡತಿ ಬರೆಯಲು ಕೂತರೆ ಪುಟಗಳು ಯಾರಿಂದ ತುಂಬುತ್ತವೆ ಹೇಳಿ. ಅಳತೆ ತಪ್ಪಿದೆ, ನಿಜ. ಆ ಅಳತೆ ತಪ್ಪಿದ್ದೇ ನನಗೆ ಏನನ್ನೋ ಹೇಳಿತು.

ಒಂದು ವಿಷಯಕ್ಕೆ ಅಕ್ಕನೂ ನಾನೂ ಒಟ್ಟಿಗೆ ನಕ್ಕಿದ್ದೇವೆ. 1981ರಲ್ಲಿ ಬ್ಲೇಕ್ ಒಂದು ಸಿನಿಮಾ ಮಾಡಿದರು. ಅದರಲ್ಲಿ ಹಾಲಿವುಡ್ಡಿನ ಅತಿ ಸಭ್ಯ ನಟಿಯೊಬ್ಬಳು ತನ್ನ ಆ ಇಮೇಜು ಒಡೆಯಲು ಪರದೆಯ ಮೇಲೆ ಎದೆ ತೋರಿಸುತ್ತಾಳೆ. ಆ ಪಾತ್ರ ಮಾಡಿದ್ದು ಜೂಲಿ. ನಿಜವಾಗಿಯೂ ತೋರಿಸಿದರು. ಅಭಿಮಾನಿಗಳು ತನ್ನನ್ನು ಎಲ್ಲಿ ಕೂರಿಸಿದ್ದಾರೆ ಅನ್ನುವುದು ಆಕೆಗೆ ಪುಸ್ತಕ ಬರೆಯುವುದಕ್ಕೆ ಎಷ್ಟೋ ಮೊದಲೇ ಗೊತ್ತಿತ್ತು, ಅಲ್ವಾ?

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಎರಡನೇ ಪುಸ್ತಕದ ಮುಖಪುಟದಲ್ಲಿ ಜೂಲಿ ಜೊತೆ ಮಗಳು ಎಮ್ಮಾ ಅವರ ಹೆಸರೂ ಇದೆ. ಮೊದಲ ಪುಸ್ತಕದ ಕೊನೆಗೆ ಅಮ್ಮನ ಕಂಕುಳಲ್ಲಿದ್ದ ಕೂಸು ಎರಡನೆಯದಕ್ಕೆ ಸಹಲೇಖಕಿ. ಇದರ ಬಗ್ಗೆಯೂ ಎರಡು ಅಭಿಪ್ರಾಯ ಕೇಳಿದ್ದೇನೆ. ಎದುರಿಗೆ ಮಗಳು ಕೂತಿದ್ದರೆ ತಾಯಿ ಎಷ್ಟನ್ನು ನುಂಗಿಕೊಳ್ಳುತ್ತಾಳೋ ಅಂತ ಒಂದು. ಬೇರೆ ಯಾರೂ ಕೇಳಲಾರದ್ದನ್ನು ಮಗಳು ಕೇಳಬಲ್ಲಳು ಅಂತ ಇನ್ನೊಂದು. ನನಗೆ ಮೊದಲನೆಯದೇ ನಿಜ ಅನಿಸುತ್ತದೆ. ಎಮ್ಮಾಳ ತಂದೆ ಟೋನಿ ವಾಲ್ಟನ್ ಜೊತೆಗಿನ ಮದುವೆ ಮುರಿದ ಭಾಗ ಓದಿ. ಎಷ್ಟು ಮೆಲ್ಲಗೆ, ಎಷ್ಟು ಹುಷಾರಾಗಿ ಹೆಜ್ಜೆ ಇಡುತ್ತಾರೆ! ಮಲಗಿರುವ ಮಗುವನ್ನು ಎಬ್ಬಿಸದೆ ಕೋಣೆ ದಾಟುವ ಹಾಗೆ.

ಅಮೆರಿಕದ ಗಾಯಕಿ ಟೀನಾ ಟರ್ನರ್ ಅವರ ಕತೆ ಬೇರೆ ತರಹದ್ದು. ಅವರ ಮೊದಲ ಪುಸ್ತಕ 1986ರದ್ದು. ಆನ್ನಾ ಮೇ ಬುಲಕ್ ಅನ್ನುವ ಹುಡುಗಿ, ಅವಳಿಗೆ ಟೀನಾ ಟರ್ನರ್ ಅಂತ ಹೆಸರಿಟ್ಟು, ಹಾಡಿಸಿ, ಹೊಡೆದು ಬಡಿದು ಇಟ್ಟುಕೊಂಡ ಗಂಡ ಐಕ್. 1976ರಲ್ಲಿ ಡಲ್ಲಾಸ್‌ನಲ್ಲಿ ಒಂದು ರಾತ್ರಿ, 36 ಸೆಂಟ್ ಮತ್ತು ಒಂದು ಪೆಟ್ರೋಲ್ ಕಾರ್ಡ್ ಇಟ್ಟುಕೊಂಡು ಆಕೆ ಹೊರಟುಬಿಟ್ಟರು. ವಿಚ್ಛೇದನದಲ್ಲಿ ಉಳಿಸಿಕೊಂಡದ್ದು ಆ ಹೆಸರನ್ನು. ಆ ಪುಸ್ತಕ ಸಿನಿಮಾ ಕೂಡ ಆಯಿತು, 1993ರಲ್ಲಿ. ಅಲ್ಲಿಂದ ಮುಂದೆ ಜಗತ್ತಿನ ತುಂಬ ಟೀನಾ ಅಂದರೆ ಐಕ್‌ನಿಂದ ಪಾರಾದ ಹೆಂಗಸು ಅಂತಲೇ ಆಯಿತು.

ಎರಡನೇ ಪುಸ್ತಕ 2018ರಲ್ಲಿ ಬಂತು. ಹೆಸರೇ 'ಮೈ ಲವ್ ಸ್ಟೋರಿ'. ಈ ಸಲದ ನಾಯಕ ಅವರ ಎರಡನೇ ಗಂಡ ಎರ್ವಿನ್ ಬಾಖ್. ಅಭಿಮಾನಿಗಳು ಇಲ್ಲಿ ಮೂರು ಪಾಲು. ಐಕ್‌ನ ಕತೆ ಮತ್ತೆ ಯಾಕೆ ಅನ್ನುವವರು ಒಂದು ಪಾಲು. ಮೊದಲ ಪುಸ್ತಕದ ಕಿಚ್ಚು ಇದರಲ್ಲಿಲ್ಲ ಅನ್ನುವವರು ಇನ್ನೊಂದು. ಆಸ್ಪತ್ರೆಯ ಕತೆ ಜಾಸ್ತಿ ಆಯಿತು ಅನ್ನುವವರು ಮೂರನೆಯವರು. ಮೊದಲಿನವರ ಮಾತಿಗೆ ತೂಕ ಇದೆ, ಮೊದಲ ಪುಸ್ತಕ ಓದಿದವರಿಗೆ ಆ ಪುಟಗಳಲ್ಲಿ ಹೊಸದು ಕಡಿಮೆ. ಎರಡನೆಯವರ ಮಾತು ಮಾತ್ರ ನನಗೆ ಒಂದು ಥರಾ ಸಂಕಟ ತರುತ್ತದೆ. ಕಿಚ್ಚು ಬೇಕು ಅಂದರೆ ಏನರ್ಥ? ಆಕೆ ಇನ್ನೂ ಉರಿಯುತ್ತಿರಬೇಕಿತ್ತು ಅಂತಲಾ? ನೆಮ್ಮದಿ ಸಿಕ್ಕಿದೆ ಅಂತ ಹೇಳಲು ಬಂದವರನ್ನು ನೀನು ಅಳುತ್ತಿದ್ದಾಗಲೇ ಚೆನ್ನಾಗಿದ್ದೆ ಅಂದ ಹಾಗೆ.

ಆಸ್ಪತ್ರೆಯ ಪುಟಗಳೇ ನನಗೆ ಆ ಪುಸ್ತಕದ ಸಾರ. 2013ರಲ್ಲಿ ಎರ್ವಿನ್ ಜೊತೆ ಮದುವೆ. ಮೂರೇ ವಾರಕ್ಕೆ ಪಾರ್ಶ್ವವಾಯು, ಮತ್ತೆ ನಡೆಯುವುದನ್ನು ಕಲಿಯಬೇಕಾಯಿತು. ಆಮೇಲೆ ಕರುಳಿನ ಕ್ಯಾನ್ಸರ್. ಅದರ ಮೇಲೆ ಕಿಡ್ನಿ ಕೈಕೊಟ್ಟಿತು. ಇಲ್ಲಿ ಅವರು ಒಂದನ್ನು ಮುಚ್ಚಿಡದೆ ಬರೆಯುತ್ತಾರೆ. ರಕ್ತದೊತ್ತಡದ ಮಾತ್ರೆ ತನಗೆ ಆಗಿಬರುತ್ತಿಲ್ಲ ಅಂತ ಬಿಟ್ಟು ಹೋಮಿಯೋಪಥಿ ಹಿಡಿದೆ, ಕಿಡ್ನಿ ಇನ್ನಷ್ಟು ಹಾಳಾಯಿತು ಅಂತ. ತನ್ನದೇ ತಪ್ಪು. ಸಾವಿಗೆ ನೆರವಾಗುವ ಸಂಸ್ಥೆಗೆ ಸದಸ್ಯೆಯೂ ಆಗಿದ್ದರು. ಎರ್ವಿನ್ ತನ್ನ ಒಂದು ಕಿಡ್ನಿ ಕೊಡುತ್ತೇನೆ ಅಂದರು. 2017ರ ಏಪ್ರಿಲ್‌ನಲ್ಲಿ ಕಸಿ ಆಯಿತು. ವೇದಿಕೆಯ ಮೇಲೆ ಆ ಕಾಲುಗಳನ್ನು ನೋಡಿ ಹುಚ್ಚಾದವರಿಗೆ ಡಯಾಲಿಸಿಸ್ ಕುರ್ಚಿಯಲ್ಲಿ ಕೂತ ಟೀನಾ ಬೇಡ. ನನಗೆ ಗೊತ್ತಿರುವ ಒಬ್ಬರು, ವರ್ಷಗಟ್ಟಲೆ ಗಂಡನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋದವರು, ಇದೇ ಪುಟಗಳನ್ನು ಎರಡು ಸಲ ಓದಿದರಂತೆ. ಟೀನಾ ಅವರ ಒಂದು ಹಾಡೂ ಅವರಿಗೆ ಪೂರ್ತಿ ಗೊತ್ತಿಲ್ಲ.

ಬ್ರಿಟಿಷ್ ನಟ ಮೈಕಲ್ ಕೇನ್ ಅವರದ್ದು ಬೇಗ ಹೇಳಿ ಮುಗಿಸುತ್ತೇನೆ. 1992ರಲ್ಲಿ ಮೊದಲ ಆತ್ಮಕಥೆ ಬರೆದಾಗ ತನ್ನ ಆಟ ಮುಗಿಯಿತು ಅಂದುಕೊಂಡಿದ್ದರು. ಆ ಹೊತ್ತಿಗೆ ಬಂದ ಒಂದು ಸ್ಕ್ರಿಪ್ಟ್ ಓದಿ ಪಾತ್ರ ಚಿಕ್ಕದಾಯಿತು ಅಂತ ವಾಪಸ್ ಕಳಿಸಿದರು. ನಿರ್ಮಾಪಕರ ಉತ್ತರ: ನೀವು ಓದಬೇಕಾದದ್ದು ಪ್ರೇಮಿಯ ಪಾತ್ರ ಅಲ್ಲ, ಅಪ್ಪನದು! ಆಮೇಲೆ ಅಪ್ಪನ, ಅಜ್ಜನ ಪಾತ್ರಗಳಲ್ಲೇ ಮತ್ತೆ ಮೇಲೆ ಬಂದರು, ಇನ್ನೊಂದು ಆಸ್ಕರ್ ಕೂಡ ಬಂತು. ಹಾಗಾಗಿ 2010ರಲ್ಲಿ ಎರಡನೇ ಪುಸ್ತಕ. ಅದರಲ್ಲಿ ಬಾಲ್ಯದಿಂದ ಹಿಡಿದು ಹಳೆಯದನ್ನೂ ಮತ್ತೆ ಹೇಳಿದ್ದಾರೆ. ಹಳೆಯ ಅಭಿಮಾನಿಗಳು ಅರ್ಧ ಪುಸ್ತಕಕ್ಕೆ ಪೂರ್ತಿ ದುಡ್ಡು ಅಂತ ಗೊಣಗಿದರು. ಬ್ಯಾಟ್‌ಮನ್ ಸಿನಿಮಾದ ಬಟ್ಲರ್ ಅಂತಷ್ಟೇ ಅವರನ್ನು ಬಲ್ಲ ಹುಡುಗರಿಗೆ ಅದೆಲ್ಲ ಹೊಚ್ಚಹೊಸದು. ಇಬ್ಬರೂ ಸರಿ. ಇದರಲ್ಲಿ ಚರ್ಚೆ ಮಾಡುವಂಥದ್ದೇನೂ ಇಲ್ಲ.

ಚರ್ಚೆ ಬೇಕಿದ್ದರೆ ಇನ್ನೊಬ್ಬ ಬ್ರಿಟಿಷ್ ನಟ ಡೇವಿಡ್ ನಿವನ್ ಇದ್ದಾರೆ. 1971ರಲ್ಲಿ ಮೊದಲ ಪುಸ್ತಕ, ಭಾರಿ ಮಾರಾಟ. 1975ರಲ್ಲಿ ಎರಡನೆಯದು. ಅದರ ಹೆಸರಿನ ಹಿಂದೆ ಒಂದು ಕತೆ ಇದೆ. ನಿರ್ದೇಶಕ ಮೈಕಲ್ ಕರ್ಟೀಜ್ ಹಂಗೆರಿಯವರು, ಇಂಗ್ಲಿಷ್ ಅಷ್ಟಕ್ಕಷ್ಟೆ. ಯುದ್ಧದ ಸಿನಿಮಾವೊಂದರಲ್ಲಿ ಸವಾರರಿಲ್ಲದ ಕುದುರೆಗಳು ಓಡಿ ಬರಬೇಕಿತ್ತು. ಅವರು ಮೈಕಿನಲ್ಲಿ ಖಾಲಿ ಕುದುರೆಗಳನ್ನು ಬಿಡಿ ಅಂತ ಕೂಗಿದರು. ಆ ಸಿನಿಮಾದಲ್ಲಿದ್ದ ನಿವನ್ ಮತ್ತು ಎರಲ್ ಫ್ಲಿನ್ ಬಿದ್ದುಬಿದ್ದು ನಕ್ಕರು. ಆ ಖಾಲಿ ಕುದುರೆಗಳೇ ಪುಸ್ತಕದ ಹೆಸರಾದವು. ನನಗಂತೂ ಆ ಹೆಸರು ಪುಸ್ತಕಕ್ಕೆ ಇನ್ನೊಂದು ರೀತಿಯಲ್ಲೂ ಒಪ್ಪುತ್ತದೆ. ಸವಾರನೇ ಕೆಳಗಿಳಿದಿದ್ದಾನೆ. ಅಲ್ಲಿ ನಿವನ್ ತನ್ನ ಬಗ್ಗೆ ಹೇಳುವುದು ಕಡಿಮೆ. ಆ ಕಾಲದ ಹಾಲಿವುಡ್ ತಾರೆಗಳಾದ ಗೇಬಲ್, ಫ್ಲಿನ್, ಬೋಗಾರ್ಟ್, ಗಾರ್ಬೊ ಅವರ ಕತೆಗಳೇ ಎಲ್ಲ. ಒಬ್ಬ ನಟಿಯ ಬುದ್ಧಿಭ್ರಮಣೆಯ ಪ್ರಸಂಗವಿದೆ. ಹೆಸರು ಕೊಡುವುದಿಲ್ಲ, ಮಿಸ್ಸಿ ಅಂತ ಕರೆಯುತ್ತಾರೆ. ವಿವಿಯನ್ ಲೀ ಇರಬೇಕು ಅಂತ ಓದಿದವರು ಊಹಿಸಿಕೊಂಡಿದ್ದಾರೆ.

ಅಭಿಮಾನಿಗಳಲ್ಲಿ ಅರ್ಧ ಜನ ಎರಡನೆಯದೇ ಮೇಲು ಅನ್ನುತ್ತಾರೆ. ಇನ್ನರ್ಧಕ್ಕೆ ಅದರಲ್ಲಿ ಅವರೇ ಇಲ್ಲವಲ್ಲ ಅನ್ನುವ ಕೊರಗು. ಇದರ ಮೇಲೆ ಇನ್ನೊಂದು ಗಂಟು. ನಿವನ್ ಕಣ್ಣಾರೆ ಕಂಡಂತೆ ಹೇಳಿದ ಕೆಲವು ಪ್ರಸಂಗಗಳು ಬೇರೆಯವರಿಗೆ ಆದದ್ದು, ಅಲ್ಲಿ ಅವರು ಇರಲೇ ಇಲ್ಲ ಅಂತ ಆಮೇಲೆ ಅವರ ಜೀವನ ಬರೆದವರು ತೋರಿಸಿದ್ದಾರೆ. ಅದು ಗೊತ್ತಾದ ಮೇಲೂ ಪುಸ್ತಕ ಕೆಳಗಿಡಲು ಆಗುವುದಿಲ್ಲ ಅನ್ನುವವರಲ್ಲಿ ನಾನೂ ಒಬ್ಬಳು. ನಮ್ಮ ಮನೆಗಳಲ್ಲೂ ಇಂಥ ಒಬ್ಬ ಮಾವ ಇರುತ್ತಾರಲ್ಲ. ಬಸ್ಸು ತಪ್ಪಿದ ಕತೆಯನ್ನೂ ರೋಚಕ ಮಾಡಿ ಹೇಳುವವರು. ನಿಜಾನಾ ಅಂತ ಯಾರೂ ಕೇಳುವುದಿಲ್ಲ. ಮಿಸ್ಸಿಯ ಪ್ರಸಂಗ ಮಾತ್ರ ಹಾಗೆ ನಕ್ಕು ದಾಟಲು ಆಗುವುದಿಲ್ಲ. ಇನ್ನೊಬ್ಬರ ನೋವಿನ ವಿಷಯದಲ್ಲಿ ಮಾವನಿಗೆ ಕೊಟ್ಟ ರಿಯಾಯಿತಿ ನಾನು ಕೊಡಲಾರೆ.

ಎರಡನೇ ಪುಸ್ತಕ ಮೊದಲನೆಯದನ್ನೇ ತಳ್ಳಿಹಾಕುವುದೂ ಉಂಟು. ಚಾಪ್ಲಿನ್ 1964ರಲ್ಲಿ ದಪ್ಪ ಆತ್ಮಕಥೆ ಬರೆದರು. ಅದರಲ್ಲಿ ತಮ್ಮ ಎರಡನೇ ಹೆಂಡತಿ, ಇಬ್ಬರು ಗಂಡುಮಕ್ಕಳ ತಾಯಿ ಲೀಟಾ ಗ್ರೇ ಅವರ ಹೆಸರನ್ನೂ ಹೇಳದೆ ಒಂದೆರಡು ಮಾತಿನಲ್ಲಿ ಮುಗಿಸಿದರು. ಎರಡು ವರ್ಷಕ್ಕೆ ಲೀಟಾ ಅವರ ಪುಸ್ತಕ ಬಂತು, ಮಸಾಲೆ ಬೇಕಾದಷ್ಟಿತ್ತು. ಅವರ ಎರಡನೇ ಪುಸ್ತಕ ಬಂದದ್ದು 1998ರಲ್ಲಿ. ಆಗ ಅವರು ತೀರಿಕೊಂಡು ಎರಡು ವರ್ಷದ ಮೇಲಾಗಿತ್ತು. ಮೊದಲ ಪುಸ್ತಕದ ಬಹುಪಾಲು ಬೇರೆಯವರ ಕೈಚಳಕ, ತನ್ನ ಮಾತು ಇದು ಅಂತ. ಚಾಪ್ಲಿನ್ ಅಭಿಮಾನಿಗಳು ಯಾವುದನ್ನು ನಂಬಬೇಕು? ನಾನು ಎರಡನೆಯದನ್ನು ನಂಬುತ್ತೇನೆ. ಕಾರಣ ಬಹಳ ಸಾದಾ. ಅದರಲ್ಲಿ ಆಕೆಗೆ ಲಾಭ ಏನೂ ಇರಲಿಲ್ಲ. ಆದರೆ ಜನರ ಬಾಯಲ್ಲಿ ಉಳಿದಿರುವುದು ಮೊದಲನೆಯದರ ಮಸಾಲೆಯೇ.

ಮತ್ತೆ ಅಕ್ಕನ ಹತ್ತಿರ ಬರುತ್ತೇನೆ. ಈ ಮಾತಿಗೆ ತಯಾರಿ ಮಾಡುವಾಗ ನನ್ನ 'ಹೋಮ್ ವರ್ಕ್' ಪ್ರತಿ ಸಿಗಲಿಲ್ಲ. ಯಾರಿಗೋ ಕೊಟ್ಟಿದ್ದೆ, ಪುಸ್ತಕ ಕೊಟ್ಟರೆ ಹಾಗೇ ತಾನೆ. ಅಕ್ಕನದನ್ನು ಕೇಳಿದೆ. "ಅದರಲ್ಲಿ ಏನೂ ಗೆರೆ ಇಲ್ಲ, ಬೇಕಿದ್ರೆ ತಗೊಂಡು ಹೋಗು" ಅಂದಳು. ತಂದೆ. ನಿಜ, ಮೆಚ್ಚಿಕೊಂಡ ಗೆರೆ ಒಂದೂ ಇಲ್ಲ. ಸಾಲ್ಸ್‌ಬರ್ಗ್ ಮುಗಿಯುವ ಕಡೆ, ನಾನು ಅಂದುಕೊಂಡ ಹಾಗೇ, ಒಂದು ಪ್ರಶ್ನಾರ್ಥಕ ಚಿಹ್ನೆ.

ಆದರೆ ಮುಂದೆ ಹೋದಹಾಗೆ ಅಂಚಿನಲ್ಲಿ ಬೇರೆ ಏನೋ ಶುರುವಾಗುತ್ತದೆ. ತೀರಾ ಸಣ್ಣ ಅಕ್ಷರ, ಕನ್ನಡಕ ಇಲ್ಲದೆ ಓದಲು ಆಗುವುದಿಲ್ಲ. ವಿಯೆಟ್ನಾಮಿನ ಮಗು ಮನೆಗೆ ಬರುವ ಪುಟದಲ್ಲಿ, 1974ರ ಪಕ್ಕ: "ನಾನು ಏಳನೇ ಕ್ಲಾಸು. ಸಿನಿಮಾ ನೋಡಿದ್ದು ಇದೇ ವರ್ಷ, ಅಪ್ಪನ ಜೊತೆ." 1979ರ ಪಕ್ಕ ಅಪ್ಪ ಹೋದ ತಾರೀಖು. 1982ರ ಪಕ್ಕ "ಕೆಲಸ ಸಿಕ್ತು". ಪುಸ್ತಕದ ಕೊನೆಯ ಹತ್ತಿರ, 1986ರ ಪಕ್ಕ, ಅವಳ ಮಗನ ಹೆಸರು. ಅದರ ಕೆಳಗೆ ಅವನು ಹುಟ್ಟಿದಾಗಿನ ತೂಕ.